‘ಎಂತ ಇಲ್ಲೆ’ ಎಂದು ಒತ್ತಿದವರು

ತಂತ್ರಜ್ಞಾನದ ವ್ಯಾಪಾರದಲ್ಲಿ ಮುಳುಗಿದವರು ಯಾರೂ ‘ನಾವು ಮುಳುಗಿದೆವು’ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ‘ನಾವು ಕಾಲಕ್ಕಿಂತ ಮುಂದಿದ್ದೆವು’ ಎನ್ನುತ್ತಾರೆ. ತ್ರಾಸಿಯಲ್ಲಿ ಬಸ್ಸು ತಪ್ಪಿಸಿಕೊಂಡವನೊಬ್ಬ ‘ನಾನು ಬಸ್ಸಿಗಿಂತ ಮುಂದಿದ್ದೆ’ ಎಂದರೆ ಅವನನ್ನು ನೆರಳಿಗೆ ಕೂರಿಸಿ ನೀರು ಕೊಡುತ್ತೇವೆ. ಕಂಪನಿ ಮುಚ್ಚಿದವನು ಅದೇ ಮಾತನ್ನು ಹೇಳಿದರೆ ಶಾಲು ಹೊದಿಸುತ್ತೇವೆ. ಜೇಬಿನಲ್ಲೇ ಹೊತ್ತಿಕೊಂಡ ಫೋನು, ಯಾರೂ ಮುಖಕ್ಕೇರಿಸದ ಕನ್ನಡಕ, ಕರೆದರೆ ಬಾರದೆ ಕರೆಯದಿದ್ದಾಗ ಮಾತಾಡುವ ಯಂತ್ರ, ಹೀಗೆ ಜಗತ್ತಿನ ದೊಡ್ಡ ಎಡವಟ್ಟುಗಳಿಗೆಲ್ಲ ಈ ಒಂದೇ ಶಾಲು ಸಾಕಾಗಿದೆ. ಇದಕ್ಕಿಂತ ಸೊಗಸಾದ ಇನ್ನೊಂದು ಮಾತೂ ಇದೆ: ‘ಜನ ಸಿದ್ಧರಿರಲಿಲ್ಲ.’ ಅಂದರೆ ತಪ್ಪು ಜನರದು. ಪರೀಕ್ಷೆಯಲ್ಲಿ ಫೇಲಾದ ಹುಡುಗ ‘ಪ್ರಶ್ನೆಪತ್ರಿಕೆ ಇನ್ನೂ ಸಿದ್ಧವಿರಲಿಲ್ಲ’ ಎಂದು ಮನೆಯಲ್ಲಿ ಹೇಳಿ ನೋಡಲಿ, ಏನಾಗುತ್ತದೆಂದು ನನಗೆ ಗೊತ್ತಿದೆ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಬೈಂದೂರಿನಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿರುವ ಕಾಲೇಜಿಗೆ ಮೊನ್ನೆ ಮಹೇಶಣ್ಣ ಭಾಷಣಕ್ಕೆ ಬಂದಿದ್ದ. ಸೋಲಿನಿಂದ ಕಲಿಯುವುದು ಹೇಗೆ ಎಂಬುದು ವಿಷಯ. ಕುಂದಾಪುರದಲ್ಲಿ ಈಗ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟುಕೊಂಡು ನೆಮ್ಮದಿಯಾಗಿರುವ ಅವನು, ಹಿಂದೆ ಮೀನಿನ ಆ್ಯಪ್ ಒಂದನ್ನು ಕಟ್ಟಿ ಕೆಡವಿಕೊಂಡವನು. ಕೆಡವಿದ ಕಥೆಯನ್ನು ಈಗ ಕಾಲೇಜು ಕಾಲೇಜಿಗೆ ಹೋಗಿ ಬಹಳ ಚೆನ್ನಾಗಿ ಹೇಳುತ್ತಾನೆ. ಕೊನೆಯ ಚಿತ್ರದಲ್ಲಿ ಪರದೆಯ ಮೇಲೆ ಒಂದು ದಪ್ಪ ಬೆರಳು ಬರುತ್ತದೆ. ‘ನಮ್ಮ ಕಂಪನಿ ಮುಚ್ಚಿದ್ದು ಈ ಬೆರಳಿನಿಂದ. ಇದು ನಮ್ಮ ಅಪ್ಪಯ್ಯನದು. ದೊಡ್ಡವರ ಎದುರು ತೋರಿಸುವ ದಿನವೇ ತಪ್ಪು ಬಟನ್ ಒತ್ತಿಬಿಟ್ಟರು’ ಎನ್ನುತ್ತಾನೆ. ಮಕ್ಕಳೆಲ್ಲ ನಕ್ಕರು. ಪ್ರಾಂಶುಪಾಲರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಕೊನೆಯ ಬೆಂಚಿನಲ್ಲಿ ಕುಳಿತ ನಾನೊಬ್ಬಳು ನಗಲಿಲ್ಲ. ಆ ಕಂಪನಿಯ ಮೂವರಲ್ಲಿ ಒಬ್ಬಳು ನಾನು. ಆ ಬೆರಳಿನ ಯಜಮಾನರಾದ ಬಾಬು ಮಾವ ನಮ್ಮ ಕೇರಿಯವರು. ಮತ್ತು ಅವರು ತಪ್ಪು ಬಟನ್ ಒತ್ತಿರಲಿಲ್ಲ.

ನನ್ನ ಮಾತನ್ನು ನೀವು ಸುಮ್ಮನೆ ಒಪ್ಪಿಕೊಳ್ಳಬೇಕಾಗಿಲ್ಲ. ನನ್ನ ಹಿನ್ನೆಲೆಯೂ ಅಷ್ಟು ನಂಬಿಕೆ ಹುಟ್ಟಿಸುವಂಥದ್ದಲ್ಲ. ಕಾಲೇಜು ದಿನಗಳಲ್ಲಿ ಚರ್ಚಾಸ್ಪರ್ಧೆಯೇ ನನ್ನ ಹೊಟ್ಟೆಪಾಡು. ‘ತಂತ್ರಜ್ಞಾನ ವರವೇ, ಶಾಪವೇ’ ಎಂಬ ವಿಷಯಕ್ಕೆ ಬ್ರಹ್ಮಾವರದಲ್ಲಿ ವರವೆಂದು ವಾದಿಸಿ ಮೊದಲ ಬಹುಮಾನ ತೆಗೆದುಕೊಂಡು, ಅದೇ ವಾರ ಕುಂದಾಪುರದಲ್ಲಿ ಶಾಪವೆಂದು ವಾದಿಸಿ ಪರ್ಯಾಯ ಫಲಕ ಹೊತ್ತು ತಂದವಳು. ಫಲಕವನ್ನು ಕಂಡ ನೆರೆಮನೆಯವರು ‘ಎಂತ ಸಿಕ್ಕಿತ್ತಂಬ್ರಲೆ’ ಎಂದು ಕೇಳಿದರೆ ಅಮ್ಮ ಅದನ್ನು ಸೆರಗಿನಿಂದ ಮುಚ್ಚಿ, ‘ಎಂತ ಇಲ್ಲೆ, ಎಂತದೋ ಒಂದ್ ಹಲ್ಗಿ’ ಎನ್ನುತ್ತಿದ್ದಳು. ಅಮ್ಮನ ಆ ಉತ್ತರವನ್ನು ನಾನು ಆಗ ಸರಿಯಾಗಿ ಕೇಳಿಸಿಕೊಂಡಿದ್ದರೆ ಒಂದು ಕಂಪನಿಯೇ ಉಳಿಯುತ್ತಿತ್ತೋ ಏನೋ. ಆದರೆ ವಾದ ಮಾಡುವವರಿಗೆ ಕೇಳಿಸಿಕೊಳ್ಳುವ ಅಭ್ಯಾಸ ಕಡಿಮೆ. ಎದುರಿನವರು ಮಾತಾಡುವಾಗ ನಾವು ಮುಂದಿನ ವಾಕ್ಯವನ್ನು ಜೋಡಿಸಿಕೊಳ್ಳುತ್ತಿರುತ್ತೇವೆ.

ಆ್ಯಪ್‌ನ ಯೋಚನೆ ಹುಟ್ಟಿದ್ದು ನನ್ನ ದೊಡ್ಡಮ್ಮನಿಂದ. ಅಮ್ಮನ ಅಕ್ಕ ಅವಳು, ಮೀನು ವ್ಯಾಪಾರದವಳು. ಬೆಳಿಗ್ಗೆ ದೋಣಿ ಬಂದಲ್ಲಿ ಹೋಗಿ ಬುಟ್ಟಿ ತುಂಬಿಕೊಂಡು, ಬಸ್ಸು ಹಿಡಿದು ಶಂಕರನಾರಾಯಣದ ಕಡೆಯ ಊರುಗಳಲ್ಲಿ ಮನೆಮನೆಗೆ ಮಾರಿ ಬರುತ್ತಾಳೆ. ಅವಳ ದಿನದ ಹಣೆಬರಹ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಇವತ್ತು ಮೀನು ಬಿದ್ದದ್ದು ಎಲ್ಲಿ? ಗಂಗೊಳ್ಳಿಯಲ್ಲೋ, ಮರವಂತೆಯಲ್ಲೋ, ಕೊಡೇರಿಯಲ್ಲೋ? ಒಂದು ಕಡೆ ಹೋಗಿ ನಿಂತು, ಅಲ್ಲಿ ದೋಣಿಗಳು ಖಾಲಿ ಬಂದು, ಇನ್ನೊಂದು ಕಡೆಗೆ ಓಡುವಷ್ಟರಲ್ಲಿ ಹರಾಜು ಮುಗಿದಿದ್ದರೆ ಆ ದಿನ ಬುಟ್ಟಿ ಹಗುರ, ಮನೆಯಲ್ಲಿ ಮಾತು ಭಾರ. ‘ಎಲ್ಲಿ ಮೀನ್ ಬಿದ್ದಿತ್ತ್ ಅಂದ್ ಗೊತ್ತಾಪುಕೆ ಒಂದ್ ದಾರಿ ಇದ್ದಿದ್ರೆ ಸಾಕಿದ್ದಿತ್ ಹೆಣೆ’ ಎಂದು ಅವಳು ಒಂದು ಸಂಜೆ ಕಾಲು ನೀವಿಕೊಳ್ಳುತ್ತ ಹೇಳಿದ್ದನ್ನು ನಾನು ಮಹೇಶಣ್ಣನಿಗೆ ಹೇಳಿದೆ. ಅವನ ಕಣ್ಣು ಬಲೆಗೆ ಬಿದ್ದ ಬಂಗ್ಡಿಯ ಹಾಗೆ ಮಿನುಗಿತು.

ಶಾಸ್ತ್ರಿ ಸರ್ಕಲ್ಲಿನ ಹತ್ತಿರ, ಹಿಟ್ಟಿನ ಗಿರಣಿಯೊಂದರ ಮೇಲಿನ ಕೋಣೆಯೇ ನಮ್ಮ ಕಂಪನಿ. ಅಂಥ ಕಚೇರಿ ನನಗೆ ಇನ್ನು ಈ ಜನ್ಮದಲ್ಲಿ ಸಿಗಲಾರದು. ಕೆಳಗೆ ಗಿರಣಿ ತಿರುಗತೊಡಗಿದರೆ ಮೇಲೆ ಮೇಜು, ಲ್ಯಾಪ್‌ಟಾಪು, ಚಹಾದ ಲೋಟ ಎಲ್ಲವೂ ಒಂದೇ ತಾಳಕ್ಕೆ ನಡುಗುತ್ತಿದ್ದವು. ಮೆಣಸು ಬೀಸುವ ದಿನ ಬಂತೆಂದರೆ ಮುಗಿಯಿತು. ಕಂಪನಿಗೆ ದುಡ್ಡು ಹಾಕಬೇಕಿದ್ದ ಮಂಗಳೂರಿನ ದೊಡ್ಡವರೊಂದಿಗೆ ವಿಡಿಯೋ ಕರೆಯಲ್ಲಿ ಮಹೇಶಣ್ಣ ‘ನಮ್ಮ ದೂರದೃಷ್ಟಿ’ ಎಂದು ಶುರುಮಾಡಿ ಕಣ್ಣೀರು ಸುರಿಸುತ್ತಿದ್ದ. ಅವನ ಭಾವುಕತೆಗೆ ಮೆಚ್ಚಿಯೇ ಅವರು ಒಂದು ವರ್ಷ ನೋಡೋಣ ಎಂದರೆಂಬುದು ನನ್ನ ಗುಮಾನಿ. ಪ್ರೋಗ್ರಾಂ ಬರೆಯಲು ಬಾರ್ಕೂರಿನಿಂದ ವಿನಯ ಬರುತ್ತಿದ್ದ. ಕಡಲನ್ನು ದಡದಿಂದಷ್ಟೇ ಕಂಡ ಗದ್ದೆ ಮನೆಯ ಹುಡುಗ, ಮಾತು ಕಡಿಮೆ, ಮಧ್ಯಾಹ್ನ ಊಟಕ್ಕೆ ಮಾತ್ರ ತಪ್ಪದೆ ಬಾಬು ಮಾವನ ಮನೆಗೆ. ನನ್ನ ಕೆಲಸ ಆ್ಯಪ್‌ನಲ್ಲಿ ಬರುವ ಮಾತುಗಳನ್ನು ಊರಿನ ಕನ್ನಡದಲ್ಲಿ ಬರೆಯುವುದು ಮತ್ತು ಮೀನುಗಾರರನ್ನು ಒಪ್ಪಿಸುವುದು. ಒಪ್ಪಿಸುವುದು ಎಂದ ಕೂಡಲೇ ನನಗೆ ಫಲಕದ ವಾಸನೆ ಬಂದಿತ್ತು.

ಏರ್ಪಾಡು ಸರಳ. ದೋಣಿಯ ತಾಂಡೇಲ, ಅಂದರೆ ಬಲೆ ಎಲ್ಲಿ ಬಿಡಬೇಕೆಂದು ಹೇಳುವ ಮುಖ್ಯಸ್ಥ, ದಡದತ್ತ ಬರುವಾಗ ಫೋನಿನಲ್ಲಿ ಮೂರರಲ್ಲೊಂದು ಬಟನ್ ಒತ್ತಬೇಕು: ‘ತುಂಬಾ ಇತ್ತ್’, ‘ಸಾಧಾರಣ’, ‘ಎಂತ ಇಲ್ಲೆ’. ಅದನ್ನೆಲ್ಲ ಕೂಡಿಸಿ, ಎಲ್ಲಿಗೆ ಹೋದರೆ ಮೀನು ಸಿಗುತ್ತದೆಂದು ದೊಡ್ಡಮ್ಮನಂಥವರ ಫೋನಿಗೆ ಸುದ್ದಿ ಹೋಗುತ್ತದೆ. ‘ತುಂಬಾ’ ಎಂದು ಒತ್ತಿದವರು ಕೈತಪ್ಪಿ ಒತ್ತಿರಬಾರದಲ್ಲ, ಅದಕ್ಕೆ ‘ಹೌದಾ? ಸಮಾ ಕಂಡ್ರ್ಯಾ?’, ಅಂದರೆ ಸರಿಯಾಗಿ ನೋಡಿದಿರಾ, ಎಂದು ಇನ್ನೊಮ್ಮೆ ಕೇಳುವ ಹಾಗೆ ಮಾಡಿದ್ದೆವು. ಆಗಲೂ ‘ಹೌದ್’ ಎಂದು ಒತ್ತಿದರಷ್ಟೇ ಲೆಕ್ಕಕ್ಕೆ. ಆ ಎರಡನೆಯ ಪ್ರಶ್ನೆಯನ್ನು ಬರೆದದ್ದು ನಾನೇ. ದಯವಿಟ್ಟು ನೆನಪಿಡಿ.

ಈಗ ನಮ್ಮ ಕಡಲ ಬದಿಯ ಒಂದು ಮರ್ಯಾದೆಯ ವಿಷಯ ಹೇಳಬೇಕು. ದೋಣಿ ದಡಕ್ಕೆ ತಾಗುವ ಮೊದಲು ಯಾರಾದರೂ ‘ಹ್ವಾಯ್, ಹ್ಯಾಂಗೆ ಇವತ್ತ್?’ ಎಂದು ಕೂಗಿ ಕೇಳಿದರೆ, ಮೀನಿನ ಭಾರಕ್ಕೆ ದೋಣಿ ಅಂಚಿನವರೆಗೆ ಮುಳುಗಿದ್ದರೂ ಉತ್ತರ ಒಂದೇ: ‘ಎಂತ ಇಲ್ಲೆ ಮಾರಾಯಾ, ಬಲಿ ನೆನ್ದದ್ದೇ ಬಂತ್.’ ಬಲೆ ಒದ್ದೆಯಾದದ್ದಷ್ಟೇ ಲಾಭ ಎಂದು ಅರ್ಥ. ಇದೆ ಎಂದರೆ ದೃಷ್ಟಿಯಾಗುತ್ತದೆ. ನಾಳೆ ಊರಿನ ದೋಣಿಗಳೆಲ್ಲ ಅದೇ ಜಾಗಕ್ಕೆ ಮೂತಿ ಮಾಡುತ್ತವೆ. ಅದಕ್ಕಿಂತ ಹೆಚ್ಚಾಗಿ, ಕೊಟ್ಟ ಕಡಲಿನ ಎದುರೇ ಜಂಭ ಕೊಚ್ಚಿದಂತಾಗುತ್ತದೆ. ಕೇಳಿದವನಿಗೂ ಇದು ಗೊತ್ತು. ಅವನು ಉತ್ತರಕ್ಕಾಗಿ ಕೇಳುವುದೇ ಅಲ್ಲ, ಎದುರು ಸಿಕ್ಕವರನ್ನು ಮಾತಾಡಿಸಬೇಕಲ್ಲ ಎಂದು ಕೇಳುತ್ತಾನೆ. ಮಹೇಶಣ್ಣ ಹುಟ್ಟಿದ್ದು ಈ ಮಾತಿನ ನಡುವೆ, ನಾನೂ ಅಷ್ಟೆ. ತಿಳಿಯದವರು ಮಾಡಿದ ಎಡವಟ್ಟು ಇದಲ್ಲ. ಹೊರಗಿನ ಕಂಪನಿಯವರಾಗಿದ್ದರೆ ದಡದಲ್ಲಿ ಒಂದು ವಾರ ನಿಂತು ಕೇಳಿ ತಿಳಿದುಕೊಳ್ಳುತ್ತಿದ್ದರು. ನಾವು ಊರಿನವರು, ನಮಗೆ ಯಾರನ್ನು ಕೇಳುವ ಅಗತ್ಯವಿತ್ತು?

ವಿಷಯ ಮೊದಲು ಎತ್ತಿದ್ದು ಬಾಬು ಮಾವನೇ. ತ್ರಾಸಿಯ ದಡದಲ್ಲಿ, ದೋಣಿಗಳ ನೆರಳಿನಲ್ಲಿ ತಾಂಡೇಲರನ್ನೆಲ್ಲ ಸೇರಿಸಿ ನಾವು ಆ್ಯಪ್ ತೋರಿಸಿದೆವು. ಅವರು ಬಲೆಯ ಗಂಟು ಬಿಡಿಸುತ್ತಲೇ ಕೇಳಿ, ಮೀನು ಇದೆಯೆಂದು ಬಾಯಿಬಿಟ್ಟು ಹೇಳುವ ಕ್ರಮ ನಮ್ಮಲ್ಲಿ ಇಲ್ಲವಲ್ಲ ಎಂದು ಮೆತ್ತಗೆ ಅಂದರು. ನಾನು ಎದ್ದು ನಿಂತೆ. ಬಾಯಿಬಿಟ್ಟು ಹೇಳಬಾರದೆಂಬ ನಿಯಮ ಬಾಯಿಗೆ ಮಾತ್ರ ಅನ್ವಯಿಸುತ್ತದೆ, ಬೆರಳಿಗಲ್ಲ, ಒತ್ತುವುದು ಹೇಳಿದಂತಲ್ಲ, ಹಾಗೆ ನೋಡಿದರೆ ದೃಷ್ಟಿ ತಾಗಬೇಕಾದದ್ದು ಫೋನಿಗೆ, ದೋಣಿಗಲ್ಲ, ಎಂದು ಆರೋಹಣ ಅವರೋಹಣಗಳೊಂದಿಗೆ ವಾದಿಸಿದೆ. ಸಮಯಪಾಲಕರು ಇಲ್ಲದ ವೇದಿಕೆ, ಎಷ್ಟು ಹೊತ್ತು ಮಾತಾಡಿದೆನೋ. ಕೊನೆಗೆ ಬಾಬು ಮಾವ ನಕ್ಕು, ‘ನೀ ಹೇಳುದ್ ಸಮ ಮಗಾ. ನಿನ್ ಹತ್ರ ವಾದ ಮಾಡಿ ಗೆಲ್ಲುಕ್ ಆತ್ತಾ?’ ಎಂದರು. ಎಲ್ಲರೂ ‘ಹೌದ್ ಹೌದ್’ ಎಂದು ತಲೆಯಾಡಿಸಿದರು. ಗೆದ್ದೆನೆಂದು ನಾನು ಆ ಸಂಜೆ ಮನೆಯಲ್ಲಿ ಎರಡು ಸಲ ಊಟ ಮಾಡಿದೆ.

ಆ್ಯಪ್ ಶುರುವಾಯಿತು. ಮೊದಲ ದಿನ ಗಂಗೊಳ್ಳಿಯಿಂದ ಕೊಡೇರಿಯವರೆಗೆ ಎಲ್ಲ ದೋಣಿಗಳೂ ಶಿಸ್ತಾಗಿ ಬಟನ್ ಒತ್ತಿದವು: ಎಂತ ಇಲ್ಲೆ. ಮರುದಿನವೂ ಎಂತ ಇಲ್ಲೆ. ವಾರ ಕಳೆದರೂ ಅದೇ. ನಮ್ಮ ಆ್ಯಪ್ ತೋರಿಸುವ ನಕಾಶೆಯ ಪ್ರಕಾರ ಅರಬ್ಬಿ ಸಮುದ್ರದಲ್ಲಿ ಮೀನೆಂಬ ಪ್ರಾಣಿಯೇ ಇರಲಿಲ್ಲ. ಒಂದು ಮಧ್ಯಾಹ್ನ ದೊಡ್ಡಮ್ಮ ನನ್ನ ಬಟ್ಟಲಿಗೆ ಸಾರು ಬಡಿಸುತ್ತ, ‘ನಿನ್ ಮೊಬೈಲಗೆ ಇಲ್ದಿದ್ ಬಂಗ್ಡಿ ಇದ್. ತಿಂದ್ ಕಾಣ್’ ಎಂದಳು. ಒಳ್ಳೆಯ ಬಂಗ್ಡಿಯೇ.

ಜನ ಸಿದ್ಧರಿರಲಿಲ್ಲ ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಜನ ಎಷ್ಟು ಸಿದ್ಧರಿದ್ದರೆಂದರೆ ಒಬ್ಬರೂ ಒಂದು ದಿನವೂ ಒತ್ತುವುದನ್ನು ತಪ್ಪಿಸಲಿಲ್ಲ. ಬಾಬು ಮಾವನ ಮಗನ ಕೆಲಸ ಎಂಬ ಪ್ರೀತಿಯೂ ಇತ್ತು, ಒತ್ತದೆ ಬಿಟ್ಟರೆ ಇವನಿಗೆ ಮೀನು ಸಿಕ್ಕಿರಬೇಕೆಂದು ಬೇರೆಯವರಿಗೆ ಗುಮಾನಿ ಬಂದೀತೆಂಬ ಮುಂಜಾಗ್ರತೆಯೂ ಇತ್ತು. ಬಾಬು ಮಾವನಂತೂ ಬೆಳಗಾದರೆ ತಾವರೆ ಹೂವಿನ ಶುಭೋದಯವನ್ನು ಫೋನಿನಲ್ಲಿ ಊರಿನ ಎಲ್ಲ ಗುಂಪುಗಳಿಗೂ ಒಂದನ್ನೂ ಬಿಡದೆ ಕಳಿಸುವ ಮನುಷ್ಯ. ಆ ಬೆರಳಿಗೆ ಬಟನ್ ಗೊತ್ತಿಲ್ಲವೆಂದು ಹೇಳುವವರು ಆ ಗುಂಪುಗಳಲ್ಲಿ ಇಲ್ಲದವರು.

ದಾರಿ ಕಂಡದ್ದು ವಿನಯನಿಗೆ. ಒಂದು ದಿನ ಗಿರಣಿ ನಿಂತ ನಿಶ್ಶಬ್ದದಲ್ಲಿ ಅವನು ಪರದೆಯಿಂದ ತಲೆಯೆತ್ತಿ, ‘ಇವ್ರ್ ಸುಳ್ಳ್ ಹೇಳುದ್ ಅಲ್ಲ. ತಿರ್ಗ್ಸಿ ಹೇಳುದ್. ನಾವೂ ತಿರ್ಗ್ಸಿ ಓದ್ರೆ ಆಯ್ತ್’ ಎಂದ. ಅವನ ಲೆಕ್ಕಾಚಾರ ಹೀಗಿತ್ತು: ಬಲೆ ತುಂಬಿದವರು ‘ಎಂತ ಇಲ್ಲೆ’ ಒತ್ತುತ್ತಾರೆ. ನಿಜವಾಗಿ ಏನೂ ಸಿಗದವರು ಈಚೆಗೆ ಮಾನ ಕಾಯಲು ‘ಸಾಧಾರಣ’ ಒತ್ತತೊಡಗಿದ್ದಾರೆ. ‘ತುಂಬಾ’ ಎಂದು ಯಾರಾದರೂ ಒತ್ತಿದರೆ ಅದು ತಮಾಷೆಗೆ, ಅದನ್ನೂ ಇಲ್ಲವೆಂದೇ ತಿಳಿಯಬೇಕು. ಹಾಗೆ ತಿರುಗಿಸಿ ಓದುವ ವ್ಯವಸ್ಥೆ ಮಾಡಿದ ಮೇಲೆ ನಮ್ಮ ಆ್ಯಪ್ ಜ್ಯೋತಿಷಿಯಂತೆ ನಿಜ ನುಡಿಯತೊಡಗಿತು. ಗುಟ್ಟು ಮೂವರಲ್ಲೇ ಇರಬೇಕೆಂದು ತೀರ್ಮಾನವಾಯಿತು. ಊರಿನ ತಾಂಡೇಲರೆಲ್ಲ ಹೇಳಿದ್ದಕ್ಕೆ ವಿರುದ್ಧವೇ ಸತ್ಯವೆಂದು ಯಂತ್ರಕ್ಕೆ ಕಲಿಸಿದ್ದೇವೆಂದು ಯಾರಿಗಾದರೂ ತಿಳಿದರೆ ನಾವು ತ್ರಾಸಿಯಲ್ಲಿ ತಲೆಯೆತ್ತಿ ಬಸ್ಸು ಹತ್ತುವ ಹಾಗಿರಲಿಲ್ಲ.

ಆ ಒಂದು ಸುಗ್ಗಿಯನ್ನು ನಾನು ಮರೆಯಲಾರೆ. ದೊಡ್ಡಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪೊಲೀಸರ ಹಾಗೆ ನೇರವಾಗಿ ಮೀನಿದ್ದಲ್ಲಿಗೇ ಹೋಗಿ ನಿಲ್ಲುತ್ತಿದ್ದಳು. ಅವಳ ಜೊತೆಯವರು ಕಚೇರಿಗೆ ಕರೆಮಾಡಿ ಹರಸುತ್ತಿದ್ದರು. ಒಬ್ಬಾಕೆಯಂತೂ ಗಿರಣಿಗೆ ಅಕ್ಕಿ ತಂದವಳು ಮೇಲೆ ಹತ್ತಿ ಬಂದು ನಮ್ಮ ಮೇಜಿನ ಮೇಲೆ ಎಲೆಯಲ್ಲಿ ಸುತ್ತಿದ ಅಂಜಲ್ ಮೀನಿನ ತುಂಡು ಇಟ್ಟು ಹೋದಳು, ಕೀಬೋರ್ಡು ಮಳೆಗಾಲದವರೆಗೂ ಆ ಉಪಕಾರವನ್ನು ಸ್ಮರಿಸುತ್ತಿತ್ತು. ಸಂಜೆ ಮೂವರೂ ಗೋಳಿಬಜೆ ತಿನ್ನುತ್ತ, ಬ್ರಹ್ಮಾವರದಾಚೆಗೂ ಹೋಗೋಣ, ಕಾರವಾರಕ್ಕೂ ಹೋಗೋಣ ಎಂದು ಗೋಡೆಯ ನಕಾಶೆಗೆ ಎಣ್ಣೆ ಬೆರಳು ಒತ್ತುತ್ತಿದ್ದೆವು. ಆ ದಿನಗಳಲ್ಲೇ ಒಮ್ಮೆ ಬಾಬು ಮಾವ ಅಂಗಳದಲ್ಲಿ ನನ್ನನ್ನು ಕಂಡು, ‘ನಾವ್ ಎಂತ ಇಲ್ಲೆ ಅಂದ್ರೂ ಹೆಂಗ್ಸ್ರ್ ಬುಟ್ಟಿ ಹಿಡ್ಕಂಡ್ ಬಂದ್ ನಿತ್ತಿರ್ತ್ರಲೆ ಮಗಾ, ಎಂತ ಕತಿ?’ ಎಂದು ಕೇಳಿದ್ದರು. ತಂತ್ರಜ್ಞಾನ ಮಾವ, ಎಂದೆ. ಅವರು ಮುಗುಳ್ನಕ್ಕರು. ಆ ನಗುವನ್ನು ನಾನು ಆಮೇಲೆ ಎಷ್ಟು ಸಲ ಬಿಚ್ಚಿ ನೋಡಿದ್ದೇನೋ.

ವರ್ಷ ಮುಗಿಯುತ್ತ ಬಂದಾಗ ಮಂಗಳೂರಿನವರು ಕಣ್ಣಾರೆ ಕಾಣಲು ಬರುತ್ತೇವೆಂದರು. ಅವರು ಮೆಚ್ಚಿದರೆ ಕಂಪನಿ, ಇಲ್ಲದಿದ್ದರೆ ಕೆಳಗಿನ ಗಿರಣಿಯವರಿಗೆ ಕೋಣೆಯ ಬೀಗದ ಕೈ. ಮಹೇಶಣ್ಣನಿಗೆ ಅದಕ್ಕಿಂತಲೂ ಹೆಚ್ಚಿನದು ಪಣಕ್ಕಿತ್ತು. ಮಗ ಮಾಡುವುದು ನಿಜವಾದ ಕೆಲಸವೇ ಹೌದೆಂದು ಅಪ್ಪಯ್ಯ ಒಂದು ಸಲ ಅನ್ನಲಿ ಎಂದು ಅವನು ಕಾಯುತ್ತಿದ್ದ. ಆದರೂ ಅಪ್ಪಯ್ಯನ ಹತ್ತಿರ ಏನೂ ಕೇಳಲಿಲ್ಲ. ‘ಎಂದಿನಂತೆ ಮಾಡಲಿ, ಎಂದಿನಂತೆ ಮಾಡಿದರೇ ಸರಿಯಾಗುವುದು’ ಎಂದು ನಮ್ಮಿಬ್ಬರಿಗೆ ಹೇಳಿದ. ನಾಳೆ ದೊಡ್ಡವರು ಬರುತ್ತಾರೆ, ಮಗನ ಕೆಲಸ ನಿಲ್ಲುವುದೂ ಹೋಗುವುದೂ ಅವರ ಕೈಯಲ್ಲಿದೆ ಎಂದು ಅವನ ತಾಯಿ ಮಾತ್ರ ಗಂಡನಿಗೆ ಗಂಜಿ ಬಡಿಸುವಾಗ ಹೇಳಿದ್ದರಂತೆ.

ಬೆಳಿಗ್ಗೆ ಮರವಂತೆಯಲ್ಲಿ ಇಬ್ಬರು ದೊಡ್ಡವರು ಷೂಸು ಕೈಯಲ್ಲಿ ಹಿಡಿದು ಮರಳಿನ ಮೇಲೆ ನಿಂತಿದ್ದರು. ಫೋನು ಅವರಲ್ಲೊಬ್ಬರ ಕೈಯಲ್ಲಿ. ಬಾಬು ಮಾವನ ದೋಣಿ ಬರುವುದು ಕಂಡಿತು. ಬಂದ ರೀತಿಯಲ್ಲೇ ತಿಳಿಯುತ್ತಿತ್ತು: ಅಂಚು ನೀರಿಗೆ ತಾಗಿ, ಮೇಲೆ ಹದ್ದುಗಳ ಸಂತೆ ಸುತ್ತಿ, ತುಂಬು ಬಸುರಿಯ ಹಾಗೆ ನಿಧಾನ. ಹೆಂಗಸರು ಬುಟ್ಟಿ ಹಿಡಿದು ಓಡಿದರು. ಬಲೆ ಬಿಚ್ಚಿದರೆ ಬೆಳ್ಳಿಯ ರಾಶಿ. ಫೋನು ಆಗ ಟಿಣ್ ಎಂದು ನನ್ನದೇ ಕನ್ನಡದಲ್ಲಿ ಸುದ್ದಿ ಕೊಟ್ಟಿತು: ‘ಮರವಂತೆ – ಎಂತ ಇಲ್ಲೆ. ಬಪ್ಪುದ್ ಬೇಡ.’ ದೊಡ್ಡವರು ಒಮ್ಮೆ ಫೋನು, ಒಮ್ಮೆ ರಾಶಿ ನೋಡಿದರು. ಅವರ ಕಾಲ ಬಳಿಯೇ ಒಂದು ಬಂಗ್ಡಿ ಹಾರಿ ಬಿದ್ದು ಒದ್ದಾಡುತ್ತಿತ್ತು. ‘ಹಾಗಾದರೆ ಇದು ಮೀನಲ್ಲವಾ?’ ಎಂದು ಅವರಲ್ಲೊಬ್ಬರು ಬಹಳ ಮರ್ಯಾದೆಯಿಂದ ಕೇಳಿದರು.

ವಿನಯ ಲ್ಯಾಪ್‌ಟಾಪಿನಲ್ಲಿ ನೋಡಿ, ಪರದೆಯನ್ನು ನನ್ನತ್ತ ತಿರುಗಿಸಿದ. ಬಾಬು ಮಾವ ಒತ್ತಿದ್ದು ‘ತುಂಬಾ ಇತ್ತ್’. ನಾವು ಕಲಿಸಿದ ಪಾಠದಂತೆ ಯಂತ್ರ ಅದನ್ನು ಇಲ್ಲವೆಂದು ಓದಿತ್ತು. ವಿವರಿಸಬಹುದಿತ್ತು, ಎರಡೇ ವಾಕ್ಯ. ಆದರೆ ಸುತ್ತ ಊರಿನ ತಾಂಡೇಲರೆಲ್ಲ ನಿಂತಿದ್ದರು. ನಿಮ್ಮ ಮಾತನ್ನೆಲ್ಲ ಸುಳ್ಳೆಂದು ಹಿಡಿದೇ ನಾವು ಕಂಪನಿ ನಡೆಸಿದ್ದೆಂದು ಅವರ ಮುಖದೆದುರು ಹೇಳುವುದು ಹೇಗೆ? ಜೀವಮಾನದಲ್ಲಿ ಯಾವ ವೇದಿಕೆಯಲ್ಲೂ ಬಾಯಿ ಮುಚ್ಚದವಳು ನಾನು ಅಲ್ಲಿ ಮುಚ್ಚಿದೆ. ಮಹೇಶಣ್ಣನೇ ನಗಲು ಪ್ರಯತ್ನಿಸಿ, ‘ಅಪ್ಪಯ್ಯ ತಪ್ಪ್ ಬಟನ್ ಒತ್ತಿರ್ಕ್ ಸರ್, ಪ್ರಾಯ ಆಯ್ತಲೆ’ ಎಂದ. ಬಲೆ ಎಳೆಯುತ್ತಿದ್ದ ಬಾಬು ಮಾವ ಒಮ್ಮೆ ತಲೆಯೆತ್ತಿ ಮಗನನ್ನು ನೋಡಿದರು. ಮತ್ತೆ ಬಲೆ ಎಳೆದರು. ದೊಡ್ಡವರು ಒಳ್ಳೆಯ ಮೀನು ಕಟ್ಟಿಸಿಕೊಂಡು ಹೋದರು. ಕೋಣೆಯ ಬೀಗದ ಕೈ ಗಿರಣಿಗೆ ಹೋಯಿತು. ದೊಡ್ಡಮ್ಮ ಮತ್ತೆ ಹಳೆಯ ಹಾಗೆ ಊಹೆಯ ಮೇಲೆ ಬಸ್ಸು ಹತ್ತುತ್ತಾಳೆ.

ಭಾಷಣ ಮುಗಿದ ಮೇಲೆ ಕಾಲೇಜಿನ ಕ್ಯಾಂಟೀನಿನಲ್ಲಿ ಮಹೇಶಣ್ಣನನ್ನು ಹಿಡಿದೆ. ಕೈತಪ್ಪಿದರೆ ಒಂದು ಸಲ ತಪ್ಪೀತು, ‘ಸಮಾ ಕಂಡ್ರ್ಯಾ’ ಎಂದು ಕೇಳಿದ ಮೇಲೂ ‘ಹೌದ್’ ಎಂದು ಒತ್ತಿದವರದ್ದು ಕೈತಪ್ಪು ಹೇಗಾಗುತ್ತದೆಂದು ಕೇಳಿದೆ. ಅವನು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡ. ನಾನು ಬಿಡಲಿಲ್ಲ. ನಾವು ತಿರುಗಿಸಿ ಓದುವುದು ಅವರಿಗೆ ಗೊತ್ತಿರದಿದ್ದರೆ, ಹುಟ್ಟಿದಾಗಿನಿಂದ ಆಡದ ಮಾತನ್ನು ಅವರು ನಿನಗಾಗಿ ಆಡಿದರು. ಗೊತ್ತಿದ್ದರೆ, ಯಂತ್ರ ಇಲ್ಲವೆನ್ನಲಿ ಎಂದೇ ‘ತುಂಬಾ’ ಒತ್ತಿ ಎಂದಿನಂತೆ ಮೀನು ಅಡಗಿಸಿದರು, ನಿನ್ನ ಕಂಪನಿಗಿಂತ ನಾಳೆಯ ಜಾಗ ಅವರಿಗೆ ಹೆಚ್ಚಾಯಿತು. ಎರಡರಲ್ಲಿ ಒಂದು, ಎಂದೆ. ‘ತಪ್ಪ್ ಬಟನ್ ಅಂದ್ರೆ ಎರಡೂ ಅಲ್ಲ ಅಲ್ದಾ’ ಎಂದ ಮಹೇಶಣ್ಣ, ಮೆಲ್ಲಗೆ. ‘ನಂಗ್ ಅದೇ ಇರ್ಲಿ. ನೀ ಹೋಯಿ ಕೇಂಬುಕ್ ಹೋಯ್ಬೇಡ.’

ಹೇಳಬೇಡ ಎಂದರೆ ಹೇಳುವವಳು, ಕೇಳಬೇಡ ಎಂದರೆ ಕೇಳದೆ ಇರುತ್ತೇನೆಯೇ? ಭಾನುವಾರ ಸಂಜೆ ತ್ರಾಸಿಯ ದಡಕ್ಕೆ ಹೋದೆ. ಬಾಬು ಮಾವ ಈಗ ಕಡಲಿಗೆ ಹೋಗುವುದಿಲ್ಲ. ದಡದಲ್ಲಿ ಕೂತು ಹರಿದ ಬಲೆ ಹೆಣೆಯುತ್ತಾರೆ. ಬದಿಯಲ್ಲಿ ಫೋನು, ಅದರಲ್ಲಿ ಯಾರದೋ ಯಕ್ಷಗಾನದ ಪದ. ದಾರಿಯಲ್ಲಿ ಬರುವಾಗ ಎರಡೂ ಪಕ್ಷದ ವಾದವನ್ನು ಮನಸ್ಸಿನಲ್ಲಿ ಪೂರ್ತಿ ಜೋಡಿಸಿಕೊಂಡಿದ್ದೆ. ಮಗನಿಗಾಗಿ ಸತ್ಯ ಒತ್ತಿದರೆಂದು ಹತ್ತು ನಿಮಿಷ ಮಾತಾಡಿ ಗೆಲ್ಲಬಲ್ಲೆ, ಮೀನು ಅಡಗಿಸಿದರೆಂದೂ ಅಷ್ಟೇ ಸಲೀಸಾಗಿ ಗೆಲ್ಲಬಲ್ಲೆ. ಹಾಗೆ ಎರಡು ಕಡೆಯಿಂದಲೂ ಗೆಲ್ಲುವವಳಿಗೆ ನಿಜ ಮಾತ್ರ ಒಂದು ಕಡೆಯಿಂದಲೂ ಸಿಗುವುದಿಲ್ಲವೆಂಬುದು ಅವರ ಎದುರು ಮರಳಿನಲ್ಲಿ ಕುಳಿತ ಮೇಲೆ ಹೊಳೆಯಿತು. ಅವರು ಪದವನ್ನು ನಿಲ್ಲಿಸಿ, ಏನು ಬಂದದ್ದೆಂಬಂತೆ ನನ್ನ ಮುಖ ನೋಡಿದರು. ಪೀಠಿಕೆ ಮರೆತುಹೋಯಿತು. ಮುಂದಿನ ವಾಕ್ಯ ಜೋಡಿಸಿಕೊಳ್ಳದೆ, ಉತ್ತರ ಕೇಳಿಸಿಕೊಳ್ಳಲೆಂದೇ, ಮೊದಲ ಸಲ ಕೇಳಿದೆ.

‘ಬಾಬು ಮಾವ, ಅವತ್ತ್ ಮರವಂತೆಗೆ ಬಪ್ಪತ್ತಿಗೆ, ನಾವ್ ತಿರ್ಗ್ಸಿ ಓದುದ್ ನಿಮ್ಗೆ ಗೊತ್ತಿದ್ದಿತಾ?’